ಬಕ್, ಓಪಿನೆಲ್, ಹಳೆಯ ಶೆಫೀಲ್ಡ್: ಮಡಚು ಚಾಕು ಕೊಳ್ಳುವ ಮುಂಚೆ ಕೀಲು ನೋಡಿ

ತುಮಕೂರಿನಲ್ಲಿ ಓದುತ್ತಿರುವ ಅಕ್ಕನ ಮಗ ಹೋದ ತಿಂಗಳು ಫೋನ್ ಮಾಡಿದ್ದ. "ಮಾವಾ, ದುಡ್ಡು ಕೂಡಿಟ್ಟಿದ್ದೀನಿ. ಒಂದೇ ಒಂದು ಒಳ್ಳೆ ಮಡಚು ಚಾಕು ತಗೋಬೇಕು. ಬಕ್ಕೋ, ಓಪಿನೆಲ್ಲೋ, ಇಲ್ಲಾ ನಿಮ್ಮ ಹತ್ರ ಇರೋ ಥರ ಹಳೇದೋ?" ಅಂದ. ಬಕ್ ಅಮೆರಿಕದ ಚಾಕು ಕಂಪನಿ, ಓಪಿನೆಲ್ ಫ್ರಾನ್ಸಿನದು, ಹಳೇದು ಅಂದರೆ ಇಂಗ್ಲೆಂಡಿನ ಶೆಫೀಲ್ಡ್ ಊರಿನಂಥ ಕಡೆ ಹಿಂದೆ ಮಾಡಿದ್ದು. ಎರಡು ಮಾತಿನಲ್ಲಿ ಹೇಳಿ ಫೋನ್ ಇಡುವಂಥ ಪ್ರಶ್ನೆಯಲ್ಲ. ಇಪ್ಪತ್ತು ವರ್ಷದಿಂದ ಈ ಚಾಕುಗಳನ್ನು ಕೊಂಡಿದ್ದೇನೆ, ಜೇಬಿನಲ್ಲಿಟ್ಟು ಓಡಾಡಿದ್ದೇನೆ, ತುಕ್ಕು ಹಿಡಿದವನ್ನು ತಂದು ಬಿಡಿಸಿ ತಿಕ್ಕಿ ಮತ್ತೆ ಬಾಯಿ, ಅಂದರೆ ಹರಿತದ ಅಂಚು, ಕಟ್ಟಿದ್ದೇನೆ. ಅವನಿಗೆ ಹೇಳಬೇಕೆಂದುಕೊಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ.

ಮೊದಲು ಹೆಸರಿನ ವಿಷಯ. ಈ ಜಾತಿಯ ಚಾಕುವನ್ನು 'ಫೋಲ್ಡಿಂಗ್ ಹಂಟರ್' ಅನ್ನುತ್ತಾರೆ, ಅಂದರೆ ಬೇಟೆಯವರ ಮಡಚು ಚಾಕು. ನಮ್ಮಲ್ಲಿ ಬೇಟೆಯ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಲ್ಲಿಸಿದೆ, ನಿಲ್ಲಿಸಿದ್ದು ಸರಿಯೂ ಹೌದು. ಶ್ರೀನಿವಾಸಪುರದ ಕಡೆಯ ನಮ್ಮ ತೋಟದಲ್ಲಿ ಇಂಥ ಚಾಕು ಮಾಡುವ ಕೆಲಸವೇ ಬೇರೆ. ಮಾವಿನ ಹಣ್ಣು ಹೋಳು ಮಾಡುವುದು, ಗೋಣಿಚೀಲದ ಹೊಲಿಗೆ ಬಿಚ್ಚುವುದು, ಡ್ರಿಪ್ ಪೈಪು ಕತ್ತರಿಸುವುದು, ಹಗ್ಗದ ಗಂಟಿಗೆ ಮೊನೆ ತೂರಿಸುವುದು. ಬೆಟ್ಟ ಹತ್ತುವ ಹುಡುಗರಿಗಾದರೆ ಸೌತೆಕಾಯಿ, ಬ್ರೆಡ್ಡು, ಟೆಂಟಿನ ದಾರ. ಈ ಕೆಲಸಗಳಿಗೆ ಯಾವುದು ಹೊಂದುತ್ತದೆ ಅನ್ನುವುದೇ ಇಲ್ಲಿಯ ಪ್ರಶ್ನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರೆಲ್ಲ ಅಲಗು ನೋಡಿ ಚಾಕು ಕೊಳ್ಳುತ್ತಾರೆ. ಉಕ್ಕು ಯಾವುದು, ಉದ್ದ ಎಷ್ಟು, ಹೊಳಪು ಹೇಗಿದೆ ಎಂದು ಕೇಳುತ್ತಾರೆ. ನೋಡಬೇಕಾದದ್ದು ಕೀಲು. ಅಲಗು ಮೊಂಡಾದರೆ ಮಸೆಯಬಹುದು. ಹಿಡಿಯ ಮರ ಸೀಳಿದರೆ ಬೇರೆ ಮರ ಕೂರಿಸಬಹುದು. ಒರೆ ಹರಿದರೆ ಚಪ್ಪಲಿ ಹೊಲಿಯುವವರು ಅರ್ಧ ಗಂಟೆಯಲ್ಲಿ ಹೊಲಿದುಕೊಡುತ್ತಾರೆ. ಕೀಲು ಸವೆದು ಅಲಗು ಅಲ್ಲಾಡಲು ಶುರುವಾಯಿತೆಂದರೆ ಮಾತ್ರ ಆ ಚಾಕುವನ್ನು ಕೈ ನಂಬುವುದಿಲ್ಲ. ನಂಬದ ಚಾಕು ಜೇಬಿಗೂ ಹೋಗುವುದಿಲ್ಲ, ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಕೀಲು ನೋಡುವುದಕ್ಕೆ ಉಪಕರಣ ಬೇಕಿಲ್ಲ. ಅಲಗನ್ನು ಪೂರ್ತಿ ಬಿಚ್ಚಿ, ಬೆನ್ನಿನ ಕಡೆಯಿಂದ ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಒತ್ತಿ. ಆಮೇಲೆ ಮೇಲಕ್ಕೂ ಕೆಳಕ್ಕೂ. ಟಿಕ್ ಟಿಕ್ ಎಂದು ಸಣ್ಣಗೆ ಅಲ್ಲಾಡಿದರೂ ಬೆರಳಿಗೆ ಗೊತ್ತಾಗುತ್ತದೆ. ಮಡಚಿದ ಮೇಲೆ ಮೇಲಿನಿಂದ ಇಣುಕಿದರೆ ಅಲಗು ಹಿಡಿಯ ಒಳಗಿನ ಎರಡು ತಗಡುಗಳ ನಡುಮಧ್ಯ ಕೂತಿರಬೇಕು, ಒಂದು ಪಕ್ಕಕ್ಕೆ ವಾಲಿ ಉಜ್ಜುತ್ತಿರಬಾರದು. ಬೆಳಕಿಗೆ ಹಿಡಿದರೆ, ಹಿಡಿಯ ಬೆನ್ನಿನಲ್ಲಿ ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕು ತೂರಬಾರದು. ಕೊನೆಗೆ ಸದ್ದು. ಸ್ಪ್ರಿಂಗ್ ಇರುವ ಒಳ್ಳೆಯ ಕೀಲು ಬಿಚ್ಚುವಾಗಲೂ ಮಡಚುವಾಗಲೂ 'ಟಕ್' ಎಂದು ಒಂದೇ ಸದ್ದು ಕೊಡುತ್ತದೆ. ಕರಕರ ಎಂದರೆ ಒಳಗೆ ಮಣ್ಣೋ ತುಕ್ಕೋ ಇದೆ, ಅದನ್ನು ತೊಳೆಯಬಹುದು. ಸದ್ದೇ ಇಲ್ಲದೆ ಮೆತ್ತಗೆ ಮಡಚಿಕೊಂಡರೆ ಸ್ಪ್ರಿಂಗ್ ಸೋತಿದೆ. ಅದನ್ನು ಸರಿಮಾಡುವುದು ಮನೆಯ ಕೆಲಸವಲ್ಲ.

ಬಕ್ 110

1964ರಲ್ಲಿ ಬಂದ ಚಾಕು ಇದು, ಆಗ ಕಂಪನಿ ಇದ್ದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಕಡೆ. 2005ರಲ್ಲಿ ಐಡಾಹೊ ರಾಜ್ಯದ ಪೋಸ್ಟ್ ಫಾಲ್ಸ್‌ಗೆ ಹೋಯಿತು. ಬೆನ್ನಿನಲ್ಲಿ ಲಾಕ್ ಇರುವ ಚಾಕುಗಳು ಅದಕ್ಕೂ ಮುಂಚೆ ಇದ್ದವು. ಮಡಚುವ ಚಾಕುವನ್ನೂ ಗಟ್ಟಿ ಕೆಲಸಕ್ಕೆ ನಂಬಬಹುದು ಎಂದು ಜನಕ್ಕೆ ತೋರಿಸಿಕೊಟ್ಟದ್ದು 110. ಆಮೇಲೆ ಬಂದ ಲೆಕ್ಕವಿಲ್ಲದಷ್ಟು ಚಾಕುಗಳು ಅದರ ಅಚ್ಚಿನಲ್ಲೇ ಬಂದವು. ಎರಡು ತುದಿಯಲ್ಲೂ ಹಿತ್ತಾಳೆ, ನಡುವೆ ಕಪ್ಪು ಗೆರೆಯ ಮರ, ಮೊನೆಯ ಹತ್ತಿರ ಬೆನ್ನು ಒಳಕ್ಕೆ ಬಾಗಿ ಚೂಪಾಗುವ ಅಲಗು. ಈ ರೂಪ ನೋಡಿದ ತಕ್ಷಣ ಗುರುತು ಸಿಗುತ್ತದೆ.

ಅಲಗು 9.5 ಸೆಂ.ಮೀ., ತೂಕ ಸುಮಾರು 204 ಗ್ರಾಂ. ಈ ತೂಕವೇ ಅದರ ಗುಣ, ಅದರ ಕಷ್ಟವೂ ಅದೇ. ಕೈಯಲ್ಲಿ ಹಿಡಿದರೆ ಭದ್ರ ಅನ್ನಿಸುತ್ತದೆ, ಅಂಗಿ ಜೇಬಿಗೆ ಹಾಕಿದರೆ ಅಂಗಿ ಒಂದು ಪಕ್ಕ ಜೋಲುತ್ತದೆ. ಪಂಚೆ ಉಡುವವರಿಗೆ, ಟ್ರ್ಯಾಕ್ ಪ್ಯಾಂಟಿನವರಿಗೆ ಆಗುವುದಿಲ್ಲ. ಬೆಲ್ಟಿಗೆ ಸಿಕ್ಕಿಸುವ ಚರ್ಮದ ಒರೆ ಇದ್ದರೇ ಸೈ. ತೂಕ ಬೇಡ ಅನ್ನುವವರಿಗೆ ಅದರದೇ ತಮ್ಮನಂತಿರುವ 112 ಇದೆ. ಅಲಗು 7.6 ಸೆಂ.ಮೀ., ತೂಕ 160 ಗ್ರಾಂ ಆಸುಪಾಸು. ನನ್ನ ಕೈಗೆ 112 ಹೆಚ್ಚು ಹೊಂದುತ್ತದೆ, ಆದರೂ ಕಣ್ಣಿಗೆ 110 ಚೆಂದ. ಇದಕ್ಕೆ ಕಾರಣ ಹೇಳಲಾರೆ.

ಕೀಲಿನ ವಿಚಾರ: ಹಿಡಿಯ ಬೆನ್ನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇದೆ. ಅದು ನಡುವಿನ ಪಿನ್ನಿನ ಮೇಲೆ ಏತದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಮುಂದಿನ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಬಿದ್ದರೆ ಲಾಕ್, ಹಿಂದಿನ ತುದಿ ಒತ್ತಿದರೆ ಕೊಕ್ಕೆ ಎದ್ದು ಬಿಡುಗಡೆ. ಬಹಳ ಗಟ್ಟಿಯಾದ ಏರ್ಪಾಡು. ಆದರೆ ಆ ಸಣ್ಣ ಕಚ್ಚಿನಲ್ಲಿ ಜೇಬಿನ ಧೂಳು, ನೂಲಿನ ಎಳೆ ತುಂಬಿಕೊಂಡರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ. ಲಾಕ್ ಬಿತ್ತು ಅಂದುಕೊಂಡಿರುತ್ತೀರಿ, ಬಿದ್ದಿರುವುದಿಲ್ಲ. ತಿಂಗಳಿಗೊಮ್ಮೆ ಬೆಂಕಿಕಡ್ಡಿಯ ತುದಿಯಿಂದ ಕೆರೆದು ತೆಗೆಯಿರಿ. ಈ ಅಭ್ಯಾಸ ಇಲ್ಲದವರು ಲಾಕ್ ಇರುವ ಚಾಕು ಕೊಂಡು ಪ್ರಯೋಜನ ಕಮ್ಮಿ.

ನನ್ನ ಮೊದಲ 110 ಹಾಳಾದದ್ದು ನನ್ನ ಕೈಯಿಂದಲೇ. ತಿಪಟೂರಿನ ನೆಂಟರ ತೋಟದಲ್ಲಿ ಮಚ್ಚು ಕೈಗೆ ಸಿಗದೆ, ತೆಂಗಿನಕಾಯಿ ಹೋಳಿನ ನಡುವೆ ಚಾಕು ಹಾಕಿ ತಿರುಚಿದೆ. ಕೊಬ್ಬರಿ ಎದ್ದು ಬಂತು, ಜೊತೆಗೆ ಕೀಲೂ ಹೋಯಿತು. ಅವತ್ತಿನಿಂದ ಅಲಗು ಮೇಲೆ ಕೆಳಗೆ ಕೂದಲೆಳೆಯಷ್ಟು ಆಡುತ್ತದೆ. ಹಿತ್ತಾಳೆ ಮೆತ್ತನೆಯ ಲೋಹ, ಪಿನ್ನಿನ ತೂತು ಅಗಲವಾದರೆ ಮತ್ತೆ ಕುಗ್ಗುವುದಿಲ್ಲ. ಇಡೀ ಚಾಕುವನ್ನು ಪಿನ್ ಹೊಡೆದು ಮುಚ್ಚಿರುವುದರಿಂದ ಮನೆಯಲ್ಲಿ ಬಿಚ್ಚುವ ಹಾಗೂ ಇಲ್ಲ. ಕಂಪನಿ ಜೀವಮಾನದ ಖಾತರಿ ಕೊಡುತ್ತದೆ, ಆದರೆ ಚಾಕು ಕೋಲಾರದಿಂದ ಅಮೆರಿಕಕ್ಕೆ ಹೋಗಿ ಬರುವ ಖರ್ಚು, ತಾಪತ್ರಯ ಲೆಕ್ಕ ಹಾಕಿ ನೋಡಿ. ಹಾಗಾಗಿ 110 ಕೊಳ್ಳುವವರಿಗೆ ನನ್ನ ಒಂದೇ ಕೋರಿಕೆ: ಅದು ಕೊಯ್ಯುವ ಸಾಮಾನು, ಮೀಟುವ ಸಾಮಾನಲ್ಲ. ಎಳನೀರು, ಕಾಯಿ, ಒಣ ಅಡಿಕೆ ಇದರ ಹತ್ತಿರ ತರಬೇಡಿ. ಅದಕ್ಕೆ ಮಚ್ಚು ಇದೆ, ಅಡಕತ್ತರಿ ಇದೆ.

ಉಕ್ಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೊದಮೊದಲು 440ಸಿ ಹಾಕುತ್ತಿದ್ದರು, ನಡುವೆ 425ಎಂ, 1990ರ ದಶಕದಿಂದ 420ಎಚ್‌ಸಿ. ಮೂರೂ ತುಕ್ಕು ತಡೆಯುವಂಥವೇ. ಈಗಿನದು ಬೇಗ ಬಾಯಿ ಹಿಡಿಯುತ್ತದೆ, ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಕಲ್ಲಿನಲ್ಲೇ ಮಸೆಯಬಹುದು. ಮೊನೆ ಮಾತ್ರ ತೆಳು, ಒತ್ತಿದರೆ ಮುರಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಲಗಿನ ಬುಡ ನೋಡಿ. 1986ರಿಂದ ಮಾಡೆಲ್ ನಂಬರಿನ ಪಕ್ಕದಲ್ಲಿ ವರ್ಷಕ್ಕೊಂದು ಗುರುತು ಒತ್ತುತ್ತಾರೆ. ಗುರುತೇ ಇಲ್ಲದ ಅಸಲಿ ಬಕ್ ಆದರೆ ಅದಕ್ಕೂ ಮುಂಚಿನದು.

ಹಿತ್ತಾಳೆ ಕಪ್ಪಾದರೆ? ನಮ್ಮ ಮನೆಗಳಲ್ಲಿ ದೀಪದ ಕಂಬಕ್ಕೆ ಮಾಡುವುದೇ ಇದಕ್ಕೂ. ಹುಣಸೆಹಣ್ಣು, ಚಿಟಿಕೆ ಉಪ್ಪು, ಬಟ್ಟೆಯಲ್ಲಿ ಅದ್ದಿ ಹಿತ್ತಾಳೆಗಷ್ಟೇ ತಿಕ್ಕಿ. ಹುಳಿ ಅಲಗಿಗೆ, ಕೀಲಿನ ಸಂದಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಕೈ ಆಡಿಸಿ. ನಾನಂತೂ ಹೊಳಪು ಬರಿಸುವುದನ್ನು ನಿಲ್ಲಿಸಿ ಹತ್ತು ವರ್ಷವಾಯಿತು. ಕೈ ಬೆವರಿಗೆ ತಾನೇ ಬಣ್ಣ ತಿರುಗಿದ ಹಿತ್ತಾಳೆ ನೋಡಲು ಚೆಂದ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಹಾಗೇ ಇಟ್ಟರೆ ಮಾತ್ರ ಹಸಿರು ಕಿಲುಬು ಬರುತ್ತದೆ, ಚರ್ಮ ಹದ ಮಾಡಿದ ರಾಸಾಯನಿಕವೂ ತೇವವೂ ಸೇರಿ ಮಾಡುವ ಕೆಲಸ ಅದು. ಒರೆ ಬೆಲ್ಟಿಗೆ, ಬೀರುವಿಗಲ್ಲ. ಮನೆಯಲ್ಲಿ ಇಡುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಓಪಿನೆಲ್

ಇದು ಬೇಟೆಯ ಚಾಕು ಅಲ್ಲ, ರೈತರ ಚಾಕು. ಆದರೂ ಹೋಲಿಕೆಯಲ್ಲಿ ಸೇರಿಸಲೇಬೇಕು, ಯಾಕೆಂದರೆ ಮೊದಲ ಚಾಕು ಕೊಳ್ಳುವವರಲ್ಲಿ ಅರ್ಧ ಜನರಿಗೆ ನಾನು ಹೇಳುವುದು ಇದನ್ನೇ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸವೊಯ್ ಸೀಮೆಯಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ಮಾಡಿದ ಚಾಕು. ಅಳತೆಗಳಿಗೆ ನಂಬರು ಕೊಟ್ಟಿದ್ದಾರೆ, ಎಲ್ಲರ ಜೇಬಿನಲ್ಲಿ ಕಾಣುವುದು 8ನೇ ನಂಬರು. ಅಲಗು 8.5 ಸೆಂ.ಮೀ., ತೂಕ 45 ಗ್ರಾಂ ಸುಮಾರು. ಬಕ್ 110ರ ತೂಕದಲ್ಲಿ ನಾಲ್ಕು ಓಪಿನೆಲ್ ಬರುತ್ತವೆ. ಜೇಬಿನಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತದೆ.

ಕೀಲು ನೋಡಿ, ಎಷ್ಟು ಸರಳ. ಬೀಚ್ ಮರದ ಹಿಡಿಗೆ ಗರಗಸದಲ್ಲಿ ಒಂದು ಸೀಳು, ಅದರಲ್ಲಿ ಅಲಗು, ಅಡ್ಡಕ್ಕೆ ಒಂದು ಪಿನ್, ಸುತ್ತ ಒಂದು ಬಳೆ. ಅದರ ಮೇಲೆ ತಿರುಗುವ ಇನ್ನೊಂದು ಬಳೆ 1955ರಲ್ಲಿ ಸೇರಿತು. ಬಿಚ್ಚಿ ಬಳೆ ತಿರುಗಿಸಿದರೆ ಅಲಗು ನಿಲ್ಲುತ್ತದೆ. 2000ದ ನಂತರದವುಗಳಲ್ಲಿ ಮಡಚಿದಾಗಲೂ ಲಾಕ್ ಮಾಡಬಹುದು, ಚೀಲದಲ್ಲಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಸ್ಪ್ರಿಂಗೇ ಇಲ್ಲ, ಹಾಗಾಗಿ ಸ್ಪ್ರಿಂಗ್ ಸೋಲುವ ಭಯವೂ ಇಲ್ಲ. ತಿರುಗುವ ಬಳೆ ಸಡಿಲವಾದರೆ ಇಕ್ಕಳದಲ್ಲಿ ಹುಷಾರಾಗಿ ಎತ್ತಿ ತೆಗೆದು, ಸ್ವಲ್ಪ ಒತ್ತಿ ಮತ್ತೆ ಕೂರಿಸಬಹುದು. ಇಲ್ಲಿ ಹೇಳುತ್ತಿರುವ ಚಾಕುಗಳಲ್ಲಿ ಮನೆಯಲ್ಲೇ ಕೀಲು ಸರಿಮಾಡಿಕೊಳ್ಳಬಹುದಾದದ್ದು ಇದೊಂದೇ. ನನ್ನ ಲೆಕ್ಕದಲ್ಲಿ ಇದು ದೊಡ್ಡ ಮಾತು.

ದೋಷ ಏನು? ಮರ ನೀರು ಕುಡಿಯುತ್ತದೆ. ನೆನೆದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ಎಳೆದರೆ ಉಗುರೇ ಹೋದೀತು. ಸವೊಯ್ ಜನ ಹಿಡಿಯ ಹಿಂತುದಿಯನ್ನು ಮೇಜಿಗೆ ಟಪ್ಪೆಂದು ಕುಟ್ಟುತ್ತಾರೆ, ಅಲಗಿನ ಮೊನೆ ತಾನೇ ಇಣುಕುತ್ತದೆ. ನಮ್ಮದು ಒಣ ಸೀಮೆ, ವರ್ಷದಲ್ಲಿ ಹೆಚ್ಚು ದಿನ ಈ ತೊಂದರೆ ಇಲ್ಲ. ಮಲೆನಾಡಿನ ಗೆಳೆಯನಿಗೆ ಕೊಟ್ಟದ್ದು ಆಷಾಢದಲ್ಲಿ ಬಿಚ್ಚಲೇ ಇಲ್ಲ. ಹೊಸದು ತಂದ ದಿನ ಹಿಡಿಯ ಸೀಳಿಗೆ ಬಿಸಿಮಾಡಿದ ಜೇನುಮೇಣ ಬಿಟ್ಟು, ಹೇರ್ ಡ್ರೈಯರಿನಲ್ಲಿ ಮತ್ತೆ ಕರಗಿಸಿ ಮರ ಕುಡಿಯುವ ಹಾಗೆ ಮಾಡಿದರೆ ಆ ಕಾಟ ಬಹಳ ಕಮ್ಮಿ.

ಇದರಲ್ಲಿ ಎರಡು ಉಕ್ಕು ಸಿಗುತ್ತವೆ, ಕಾರ್ಬನ್ ಮತ್ತು ಸ್ಟೇನ್‌ಲೆಸ್. ಇಲ್ಲಿ ನಮ್ಮ ಜಿಲ್ಲೆಯ ಮಾತು ಹೇಳಲೇಬೇಕು. ಕಾರ್ಬನ್ ಉಕ್ಕಿನ ಬಾಯಿ ಅದ್ಭುತ, ಕಲ್ಲಿಗೆ ನಾಲ್ಕು ಸಲ ಎಳೆದರೆ ಕೂದಲು ಬೋಳಿಸುತ್ತದೆ. ಆದರೆ ಮಾವಿನ ಸೊನೆ ತಗುಲಿದ ಕ್ಷಣದಿಂದ ಬಣ್ಣ ತಿರುಗಲು ಶುರು. ಬಾದಾಮಿ ಹಣ್ಣು ಕೊಯ್ದು ತಿಂದು ಕೈ ತೊಳೆಯುವಷ್ಟರಲ್ಲಿ ಅಲಗಿನ ಮೇಲೆ ನೀಲಿ, ಬೂದು, ಕಪ್ಪು ಮೋಡ. ಹಣ್ಣಿನ ಹೋಳಿಗೂ ಸ್ವಲ್ಪ ಕಬ್ಬಿಣದ ರುಚಿ ಬರುತ್ತದೆ, ಮೊದಲ ಕೆಲವು ವಾರ. ಆ ಕಪ್ಪು ಕೆಟ್ಟದ್ದಲ್ಲ. ಅದು ಅಲಗಿನ ಮೇಲೆ ಒಂದು ಪದರ ಕಟ್ಟಿ ಕೆಂಪು ತುಕ್ಕನ್ನು ತಡೆಯುತ್ತದೆ. ಕೆಂಪು ಕಂಡರೆ ತೆಗೆಯಿರಿ, ಕಪ್ಪು ಕಂಡರೆ ಬಿಡಿ. ಒರೆಸಿಡುವ ತಾಳ್ಮೆ ಇದ್ದವರು ಕಾರ್ಬನ್ ತಗೊಳ್ಳಿ. ಅಮ್ಮನಿಗೆ ಅಡುಗೆಮನೆಗೆ, ಹಾಸ್ಟೆಲಿನ ಹುಡುಗರಿಗೆ, ಹುಳಿ ಹಣ್ಣು ಕೊಯ್ದು ಹಾಗೇ ಮಡಚಿ ಜೇಬಿಗಿಡುವವರಿಗೆ ಸ್ಟೇನ್‌ಲೆಸ್.

ಒಂದು ಎಚ್ಚರಿಕೆ. ಮಾವಿನ ಕಸಿ ಕಟ್ಟುವ ಕೆಲಸಕ್ಕೆ ಓಪಿನೆಲ್ಲೂ ಬೇಡ, ಬಕ್ಕೂ ಬೇಡ. ಕಸಿ ಚಾಕುವಿಗೆ ಉಳಿಯ ಹಾಗೆ ಒಂದೇ ಪಕ್ಕ ಇಳಿಜಾರು ಇರುತ್ತದೆ, ಇನ್ನೊಂದು ಪಕ್ಕ ಚಪ್ಪಟೆ. ಹಾಗಾಗಿಯೇ ಕಡ್ಡಿಯ ಕೊಯ್ತ ನೆಟ್ಟಗೆ ಬರುವುದು, ಎರಡು ಮುಖ ಬೆಳಕು ತೂರದಂತೆ ಕೂಡುವುದು. ನಮ್ಮಪ್ಪನ ಕಸಿ ಚಾಕು ಬೇರೆ ಪೆಟ್ಟಿಗೆಯಲ್ಲೇ ಇರುತ್ತಿತ್ತು, ಹಣ್ಣು ಕೊಯ್ಯಲು ಮುಟ್ಟಿದರೆ ಬೈಗುಳ.

ಎರಡು ಅಲಗಿನ ಹಳೆ ಮಾದರಿ

ಅಮೆರಿಕದ ಪೆನ್ಸಿಲ್ವೇನಿಯಾದ ಕೇಸ್ ಕಂಪನಿಯ 6265ನಂಥವು. ಆ ನಂಬರಿನಲ್ಲೇ ಜಾತಕ ಇದೆ: 6 ಅಂದರೆ ಗೀರು ಹಾಕಿದ ಮೂಳೆಯ ಹಿಡಿ, 2 ಅಂದರೆ ಎರಡು ಅಲಗು, 65 ಅಂದರೆ ಮಾದರಿ. 1970ರಲ್ಲಿ ಬುಡದಲ್ಲಿ ಹತ್ತು ಚುಕ್ಕೆ ಒತ್ತಿ, ವರ್ಷಕ್ಕೊಂದು ಚುಕ್ಕೆ ತೆಗೆಯುತ್ತ ಹೋದರು, ಹಾಗಾಗಿ ಆ ದಶಕದ ಚಾಕುವಿನ ವಯಸ್ಸನ್ನು ಎಣಿಸಿಯೇ ಹೇಳಬಹುದು. ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಒತ್ತಡದ ಮೇಲೆಯೇ ಅಲಗು ನಿಲ್ಲುತ್ತದೆ. ನೋಡಲು ಬಹಳ ಚೆಂದ, ಆದರೆ ಮೊದಲ ಚಾಕುವಾಗಿ ನಾನು ಹೇಳುವುದಿಲ್ಲ. ಮೊನೆ ಚುಚ್ಚುವ ಕೆಲಸದಲ್ಲಿ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಲಾಕ್ ಇರುವ ಚಾಕು ಬಳಸಿ ಕೈ ಪಳಗಿದ ಮೇಲೆ ಇದು ಬರಲಿ.

ಹಳೆಯದನ್ನು ಕೊಂಡು ಜೀವ ತುಂಬುವುದು

ನನ್ನ ಮನಸ್ಸು ಇರುವುದು ಇಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಕೋಲಾರದ ಚಿನ್ನದ ಗಣಿಯನ್ನು 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸಿತು. ಇಂಗ್ಲೆಂಡಿನಿಂದ ಬಂದ ಎಂಜಿನಿಯರುಗಳು, ಅವರ ಬಂಗಲೆ, ಕ್ಲಬ್ಬು, ಅವರ ಜೊತೆ ಬಂದ ಸಾಮಾನು. 2001ರಲ್ಲಿ ಗಣಿ ಮುಚ್ಚಿತು. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಬೀಗ, ತಕ್ಕಡಿ ಕಲ್ಲು, ತುಂಡಾದ ಸ್ಪ್ಯಾನರುಗಳ ರಾಶಿಯಲ್ಲಿ ನನಗೆ ಒಂದು ಕಬ್ಬಿಣದ ಗಟ್ಟಿ ಸಿಕ್ಕಿತು. ಚಾಕು ಎಂದು ಗೊತ್ತಾದದ್ದು ಹಿಡಿಯ ಮೂಳೆಯಿಂದ. ಅಲಗು ಬಿಚ್ಚುತ್ತಿರಲಿಲ್ಲ. ತೂಕಕ್ಕೆ ಹಾಕಿ ಕೊಟ್ಟರು.

ಅದನ್ನು ಬಿಚ್ಚಲು ಒಂಬತ್ತು ದಿನ ಹಿಡಿಯಿತು. ಬಿಚ್ಚದ ಚಾಕುವನ್ನು ಇಕ್ಕಳದಿಂದ ಎಳೆಯಲೇಬೇಡಿ, ಉಗುರು ಹಾಕುವ ಗೀರಿನ ಹತ್ತಿರ ಅಲಗು ಮುರಿಯುತ್ತದೆ. ಹಿಡಿಗೆ ತಗುಲದಂತೆ ಕೀಲಿನ ಸಂದಿಗಷ್ಟೇ ಸೀಮೆಎಣ್ಣೆ ಹನಿಸಿ, ಅದಿಲ್ಲದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ. ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಕೈಯಲ್ಲೇ ಸ್ವಲ್ಪ ಆಡಿಸಿ ನೋಡಿ, ಬರಲಿಲ್ಲವೇ, ಮತ್ತೆ ಹನಿಸಿ. ಕೂದಲೆಳೆಯಷ್ಟು ಅಲ್ಲಾಡಿದರೆ ಅವತ್ತಿಗೆ ಸಾಕು. ಬಿಚ್ಚಿದ ಮೇಲೆ ಕೀಲಿನಿಂದ ಕೆಂಪು ಮಸಿ ಹರಿಯುತ್ತದೆ. ಅದು ನಿಂತು ಎಣ್ಣೆ ತಿಳಿಯಾಗುವವರೆಗೆ ಬಿಚ್ಚಿ ಮಡಚಿ ಒರೆಸುತ್ತಿರಿ.

ತುಕ್ಕಿಗೆ ನನ್ನ ಉಪಾಯ ಅಜ್ಜಿಯ ಕಾಲದ ತಾಮ್ರದ ಕಾಸು. ತಾಮ್ರ ಉಕ್ಕಿಗಿಂತ ಮೆತ್ತಗೆ, ಎಣ್ಣೆ ಹಚ್ಚಿ ಕಾಸಿನ ಅಂಚಿನಿಂದ ಕೆರೆದರೆ ಕೆಂಪು ತುಕ್ಕು ಏಳುತ್ತದೆ, ಕೆಳಗಿನ ಉಕ್ಕಿಗೆ ಗೀರು ಬೀಳುವುದಿಲ್ಲ. ಎಮರಿ ಪೇಪರು ಹಿಡಿದರೆ ಬೇಗ ಆಗುತ್ತದೆ, ಆದರೆ ತುಕ್ಕಿನ ಜೊತೆ ಹೆಸರೂ ಹೋಗುತ್ತದೆ. ನನ್ನ ಎರಡನೇ ಹಳೆ ಚಾಕುವನ್ನು ಅವಸರದಲ್ಲಿ ಬಫಿಂಗ್ ಗಾಲಿಗೆ ಕೊಟ್ಟೆ. ಕನ್ನಡಿಯಂತೆ ಹೊಳೆಯಿತು. ಬುಡದಲ್ಲಿದ್ದ ಅಕ್ಷರಗಳು ಮಾಯ. ಅದನ್ನು ಯಾರು ಮಾಡಿದರು, ಎಲ್ಲಿ ಮಾಡಿದರು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ನೋವು ಇವತ್ತಿಗೂ ಇದೆ.

ಅಕ್ಷರಗಳೇ ಹಳೆ ಚಾಕುವಿನ ಊರು, ವಯಸ್ಸು. 'ಇಂಗ್ಲೆಂಡ್' ಎಂದು ಒತ್ತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಯಾಕೆಂದರೆ ಅಮೆರಿಕದ 1890ರ ಸುಂಕದ ಕಾನೂನು ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದಿತು. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಚಾಕುಗಳ ಮೇಲೆ ನಕ್ಷತ್ರ ಮತ್ತು ಶಿಲುಬೆಯ ಗುರುತು, ಜೊತೆಗೆ ಎಷ್ಟೋ ಸಲ ಆಗಿನ ದೊರೆಯ ಅಕ್ಷರ ಇರುತ್ತದೆ. 'ವಿ.ಆರ್.' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ರೊಳಗೆ. 'ಜಿ.ಆರ್.' ಆದರೆ ಜಾರ್ಜ್ ದೊರೆಗಳದ್ದು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡಿದ ನಕಲುಗಳೂ ಇವೆ, ಭೂತಗನ್ನಡಿ ಹಿಡಿದು ಓದಿ. ಜರ್ಮನಿಯದಾದರೆ 'ಜೋಲಿಂಗೆನ್' ಹುಡುಕಿ. ಆ ಊರಿನ ಹೆಸರನ್ನು ಬೇರೆಯವರು ಹಾಕಿಕೊಳ್ಳಬಾರದೆಂದು 1938ರಿಂದ ಕಾನೂನೇ ಇದೆ.

ಹಿಡಿಯ ವಿಷಯದಲ್ಲಿ ಎರಡು ಕಡೆ ಹುಷಾರು. ಮೊದಲನೆಯದು ಕೊಂಬು. ಶೆಫೀಲ್ಡ್, ಜೋಲಿಂಗೆನ್ ಚಾಕುಗಳ ಹಿಡಿಗೆ ಹೋದ ಜಿಂಕೆ ಕೊಂಬಿನಲ್ಲಿ ಬಹಳಷ್ಟು ನಮ್ಮ ಕಾಡಿನ ಕಡವೆಯದು. ಇವತ್ತು ಕಡವೆ ಕೊಂಬು, ಆನೆದಂತದ ಹಿಡಿ ಇರುವ ಚಾಕುವನ್ನು ಕೊಳ್ಳುವುದು ಮಾರುವುದು ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧ. ಎಷ್ಟೇ ಹಳೆಯದಿರಲಿ, ಎಷ್ಟೇ ಅಗ್ಗಕ್ಕೆ ಬರಲಿ, ಮುಟ್ಟಬೇಡಿ. ದನದ ಮೂಳೆ, ಮರ ಇವುಗಳಿಗೆ ಅಡ್ಡಿಯಿಲ್ಲ. ಎರಡನೆಯದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿ, ಆಮೆಚಿಪ್ಪಿನಂತೆ, ಮುತ್ತಿನ ಚಿಪ್ಪಿನಂತೆ ಬಣ್ಣ ಬಣ್ಣವಾಗಿ ಇರುತ್ತದೆ. ವಯಸ್ಸಾದಂತೆ ಅದು ಕೊಳೆತು ಆಮ್ಲದ ಆವಿ ಬಿಡುತ್ತದೆ. ಒಂದೇ ಪೆಟ್ಟಿಗೆಯಲ್ಲಿಟ್ಟರೆ ಪಕ್ಕದ ಚಾಕುಗಳೂ ತುಕ್ಕು ಹಿಡಿಯುತ್ತವೆ. ಅಂಥದ್ದನ್ನು ಒಂಟಿಯಾಗಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಇಡಿ.

ನಮ್ಮ ಬಿಸಿಲಿಗೆ ಮೂಳೆಯ ಹಿಡಿ ಒಣಗಿ ಪಿನ್ನಿನ ಸುತ್ತ ಬಿರುಕು ಬಿಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸವರಿಡಿ. ಅದನ್ನೇ ಅಲಗಿಗೂ ಹಚ್ಚಬಹುದು, ಹಣ್ಣಿಗೆ ತಗುಲಿದರೂ ಭಯವಿಲ್ಲ. ಕೀಲಿಗೆ ಹೊಲಿಗೆ ಮೆಷಿನ್ ಎಣ್ಣೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ ಯಾವುದೂ ಕೀಲಿಗೆ ಬೇಡ. ಕಾಲ ಕಳೆದಂತೆ ಅವು ಅಂಟಾಗಿ ಧೂಳು ಹಿಡಿಯುತ್ತವೆ. ಮನೆಯಲ್ಲಿ ಸುಲಭಕ್ಕೆ ಸಿಗುತ್ತವೆಂದು ಎಲ್ಲರೂ ಮಾಡುವ ತಪ್ಪು ಇದು.

ಸಡಿಲವಾದ ಕೀಲು? ಪಿನ್ ಹಿತ್ತಾಳೆಯದಾದರೆ ಸ್ವಲ್ಪ ಆಸೆ ಇದೆ. ನಾನು ನಮ್ಮೂರ ಅಕ್ಕಸಾಲಿಯೊಬ್ಬರ ಬಳಿ ಒಯ್ದೆ. ಪುಟ್ಟ ಅಡಿಗಲ್ಲಿನ ಮೇಲಿಟ್ಟು, ಮೂಗುತಿ ಬಡಿಯುವ ಸುತ್ತಿಗೆಯಲ್ಲಿ ಪಿನ್ನಿನ ತಲೆಗೆ ಸಣ್ಣ ಸಣ್ಣ ಪೆಟ್ಟು ಹಾಕಿದರು. ನಾಲ್ಕು ಪೆಟ್ಟಿಗೊಮ್ಮೆ ಬಿಚ್ಚಿ ನೋಡಿದರು. ಪಿನ್ ಹರಡಿ ತಗಡನ್ನು ಬಿಗಿ ಹಿಡಿಯಿತು, ಅಲ್ಲಾಟ ಮುಕ್ಕಾಲು ಹೋಯಿತು. ಅತಿಯಾಗಿ ಬಡಿದರೆ ಅಲಗು ಆಡುವುದೇ ಇಲ್ಲ, ಮೂಳೆಯೂ ಸೀಳುತ್ತದೆ. ಕಬ್ಬಿಣ ಬಡಿಯುವವರಿಗಿಂತ ಬಂಗಾರದ ಕೈಯೇ ಇದಕ್ಕೆ ಸರಿ. ಹಳೆಯದನ್ನು ಕೊಳ್ಳುವವರು ಈ ಲೆಕ್ಕ ಇಟ್ಟುಕೊಳ್ಳಿ: ತುಕ್ಕು ಇದ್ದರೂ ಕೊಳ್ಳಿ, ಹಿಡಿ ಒಡೆದಿದ್ದರೂ ಕೊಳ್ಳಿ, ಸ್ಪ್ರಿಂಗ್ ಸತ್ತಿದ್ದರೆ ಬಿಡಿ. ಒಮ್ಮೆ ಆನ್‌ಲೈನಿನಲ್ಲಿ ಫೋಟೊ ಮಾತ್ರ ನೋಡಿ ತರಿಸಿದ್ದರಲ್ಲಿ ಅಲಗು ಫಳಫಳ, ಸ್ಪ್ರಿಂಗ್ ತುಂಡು. ಅಂದಿನಿಂದ ಬಿಚ್ಚಿ ಮಡಚುವ ವಿಡಿಯೊ ಕಳಿಸಿ, ಸದ್ದು ಕೇಳಿಸಬೇಕು ಎಂದು ಕೇಳದೆ ದುಡ್ಡು ಹಾಕುವುದಿಲ್ಲ.

ಮಸೆಯುವುದಕ್ಕೆ ಸೈಕಲ್ ಮೇಲೆ ಸಾಣೆ ಹಿಡಿಯುವವರ ಕೈಗೆ ಇಂಥ ಚಾಕು ಕೊಡಬೇಡಿ. ಅವರ ಗಾಲಿ ಕುಡುಗೋಲು, ಅಡುಗೆಮನೆಯ ಕತ್ತಿಗೆ ಸರಿ. ತೆಳು ಅಲಗು ಬಿಸಿಯಾಗಿ ಅಂಚು ನೀಲಿ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ, ಆಮೇಲೆ ಬಾಯಿ ನಿಲ್ಲುವುದಿಲ್ಲ. ಎರಡು ಮುಖದ ಕಾರ್ಬೊರಂಡಮ್ ಕಲ್ಲು, ಸ್ವಲ್ಪ ನೀರು ಸಾಕು. ಅಲಗನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ವಾಲಿಸಿ, ಮತ್ತೆ ಅದರ ಅರ್ಧಕ್ಕೆ ವಾಲಿಸಿದರೆ ಸುಮಾರು 22 ಡಿಗ್ರಿ. ಅಲ್ಲಿಂದ ಕೂದಲಷ್ಟು ತಗ್ಗಿಸಿ ಕೈ ಕದಲದಂತೆ ಎಳೆಯಿರಿ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಮುಖಕ್ಕೆ ಹತ್ತು ಸಲ.

ಜೇಬಿನಲ್ಲಿ ಇಟ್ಟುಕೊಳ್ಳುವುದು

ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಅದೂ ಮನೆ, ಬೇಸಾಯ, ಕೈಗಾರಿಕೆ ಕೆಲಸಕ್ಕೆಂದು ಮಾಡಿದ್ದಲ್ಲದಿದ್ದರೆ. ಇಲ್ಲಿ ಹೇಳಿದ ಯಾವ ಚಾಕುವೂ ಆ ಅಳತೆಯ ಹತ್ತಿರ ಬರುವುದಿಲ್ಲ. ಹಾಗೆಂದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದಲ್ಲ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ, ಚುನಾವಣೆ ಸಮಯದಲ್ಲಿ, ಜಾತ್ರೆ ಮೆರವಣಿಗೆಯಲ್ಲಿ, ಕೋರ್ಟು ಕಚೇರಿಗೆ ಹೋಗುವಾಗ ಮನೆಯಲ್ಲೇ ಬಿಡಿ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ. ಬಟನ್ ಒತ್ತಿದರೆ ಚಿಮ್ಮುವ ಜಾತಿ ನಮಗೆ ಬೇಡವೇ ಬೇಡ. ಇನ್ನೊಬ್ಬರ ಎದುರು ಬಿಚ್ಚುವಾಗ ಏನು ಕೊಯ್ಯುತ್ತೀರೋ ಅದು ಮೊದಲು ಕೈಯಲ್ಲಿರಲಿ, ಚಾಕು ಆಮೇಲೆ ಬರಲಿ. ಬಸ್ಸಿನಲ್ಲಿ ಸೇಬು ಕೊಯ್ಯಲು 110 ತೆಗೆಯಬೇಡಿ, ಓಪಿನೆಲ್ ಮರದ ಹಿಡಿ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ದೇವರಾಯನದುರ್ಗದ ಹಾದಿಯಲ್ಲೂ ನಂದಿಬೆಟ್ಟದ ಕೆಳಗಿನ ದ್ರಾಕ್ಷಿ ತೋಟದಲ್ಲೂ ನನ್ನ ಜೇಬಿನಲ್ಲಿ ಇರುವುದು ಅದೇ.

ಹಾಗಾದರೆ ಅಕ್ಕನ ಮಗನಿಗೆ ಏನು ಹೇಳಲಿ? ಹಾಸ್ಟೆಲಿನಲ್ಲಿ ಇರುತ್ತಾನೆ, ಭಾನುವಾರ ಬೆಟ್ಟ ಹತ್ತುತ್ತಾನೆ, ಬೆಲ್ಟ್ ಕಟ್ಟುವುದಿಲ್ಲ. ನನ್ನ ಬುದ್ಧಿ ಹೇಳುವುದು ಸ್ಟೇನ್‌ಲೆಸ್ ಓಪಿನೆಲ್ 8. ಕೂಡಿಟ್ಟ ದುಡ್ಡಿನಲ್ಲಿ ಉಳಿದದ್ದಕ್ಕೆ ಒಳ್ಳೆಯ ಕಲ್ಲು. ಆದರೆ 'ಒಂದೇ ಒಂದು' ಎಂದು ಕೇಳಿದನಲ್ಲ, ಆ ಮಾತಿನಲ್ಲಿ ಮುಂದೆ ಮಗನಿಗೆ ಕೊಡುವಂಥದ್ದು ಬೇಕು ಅನ್ನುವ ಆಸೆ ಕೇಳಿಸಿತು. ಅದಕ್ಕಾದರೆ 112. ಹಳೆಯದು ಅವನಿಗೆ ಈಗಲೇ ಬೇಡ. ಒಂಬತ್ತು ದಿನ ಕಾಯುವ ಪುರುಸೊತ್ತು ಪರೀಕ್ಷೆಯ ನಡುವೆ ಅವನಿಗೆಲ್ಲಿದೆ.

ಮುಂದಿನ ಭಾನುವಾರ ಬಾ ಎಂದಿದ್ದೇನೆ. ಮೂರನ್ನೂ ಟವೆಲ್ ಮೇಲೆ ಸಾಲಾಗಿ ಇಟ್ಟಿರುತ್ತೇನೆ, ತೆಂಗಿನಕಾಯಿಯಲ್ಲಿ ಕೀಲು ಹೋದ ಆ 110 ಕೂಡ ಪಕ್ಕದಲ್ಲಿ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಬಿಚ್ಚಿ ಮಡಚಲಿ, ಸದ್ದು ಕೇಳಲಿ. ಅಷ್ಟು ಹೊತ್ತಿಗೆ ಮೊದಲ ಕೊಯ್ಲಿನ ಬಾದಾಮಿಯೂ ಮಾಗಿರುತ್ತದೆ.